ಹದಿನಾಲ್ಕು ಮಂದಿಯ ಮಗಳು

ತರೀಕೆರೆ
8-11-1978

ಸಮಿತಿಯ ಕಾರ್ಯದರ್ಶಿ ವಿಶಾಲಾಕ್ಷಮ್ಮನವರಿಗೆ ಪಾಪಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಬರೆದರೆ ನೀವು ಅದೊಂದನ್ನೇ ಓದಿ ಪತ್ರ ಮಡಿಚಿಡುತ್ತೀರಿ ಎಂಬ ಅನುಮಾನ ನನಗಿದೆ.

ರಜೆ ಕೇಳಿ ಬರೆಯುತ್ತಿರುವುದು ಇದು ನಾಲ್ಕನೆಯ ಸಲ. ಯುಗಾದಿಗೆ ಮುಂಚೆ ಒಂದು ಬರೆದೆ, ಆಷಾಢದಲ್ಲಿ ಒಂದು, ಗೌರಿ ಹಬ್ಬದ ಮಾರನೆಯ ದಿನ ಒಂದು. ಉತ್ತರ ಬರಲಿಲ್ಲ ಎಂದು ಹೇಳಲಾರೆ. ಮೊದಲನೆಯದಕ್ಕೆ ಸೋಪಿನ ಪೆಟ್ಟಿಗೆ ಬಂತು, ಎರಡನೆಯದಕ್ಕೆ ಹಳೆಯ ಸೀರೆಗಳ ಗಂಟು, ಮೂರನೆಯದಕ್ಕೆ ಅಧ್ಯಕ್ಷರ ಆಶೀರ್ವಾದ. ರಜೆ ಮಾತ್ರ ಬರಲಿಲ್ಲ.

ನಾನು ಈ ಅಕ್ಕಿ ಗಿರಣಿ ಛತ್ರಕ್ಕೆ ಬಂದು ಆರು ವರ್ಷವಾಯಿತು. ರೈಲಿನಿಂದ ಇಳಿಸಿದವರು, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮನೆಯವರೇ ಕೂರಿಸಿ ಹೋದವರು, ಮನೆ ಎಲ್ಲಿತ್ತೆಂಬುದನ್ನೇ ಮರೆತವರು, ಇವತ್ತಿಗೆ ಇಪ್ಪತ್ತಾರು ಜನ ಇದ್ದಾರೆ. ಅವರಿಗೆ ನಾನೊಬ್ಬಳು, ಅಡಿಗೆಗೆ ಬೀರಯ್ಯ. ಬೀರಯ್ಯನಿಗೆ ಒಂದು ಕಿವಿ ಕೇಳುವುದಿಲ್ಲ. ಕೆಲವು ದಿನ ಅವನನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಹೊಸದಾಗಿ ಬಂದವರ ತಲೆಯ ಹೇನು ತೆಗೆಯಬೇಕಾದರೆ ಮೊದಲು ಅರ್ಧ ದಿನ ಅವರಿಂದ ಬೈಸಿಕೊಳ್ಳಬೇಕು. ಕಾಶಮ್ಮ ಎಂಬ ಮುದುಕಿ ಇದ್ದಾಳೆ. ಊಟದಲ್ಲಿ ಏನೋ ಬೆರೆಸಿದ್ದಾರೆಂದು ಅವಳಿಗೆ ಭಯ. ಅವಳ ತಟ್ಟೆಯಿಂದಲೇ ಮೊದಲು ನಾನು ತಿಂದು ತೋರಿಸಿದರೆ ಮಾತ್ರ ಬಾಯಿ ತೆರೆಯುತ್ತಾಳೆ. ತುತ್ತಿಗೆ ತುತ್ತು. ಅವಳಿಗೆ ಒಂದು ಊಟ ಮಾಡಿಸುವ ಹೊತ್ತಿಗೆ ನನಗೆ ಒಂದೂವರೆ ಊಟವಾಗಿರುತ್ತದೆ.

ಇದನ್ನೆಲ್ಲ ದೂರು ಎಂದು ಬರೆಯುತ್ತಿಲ್ಲ. ದೂರು ಬೇರೆ ಇದೆ, ಅದು ನನ್ನ ಮೇಲೆಯೇ. ಹೋದ ವಾರ ಲಕ್ಕಣ್ಣ ನೀರು ಕೇಳಿದರು. ರೈಲ್ವೆ ಗೇಟಿನ ಹತ್ತಿರ ಬಿದ್ದಿದ್ದ ಮುದುಕರು, ಕಾಲಿನ ಹುಣ್ಣು ಮಾಯುತ್ತಿಲ್ಲ ಎಂದು ಹಿಂದೆ ಬರೆದಿದ್ದೆನಲ್ಲ, ಅವರೇ. ಅವರು ಕೇಳಿದ್ದು ನೀರು, ನಾನು ಮಾಡಿದ್ದು ಚೊಂಬನ್ನು ಎಸೆದದ್ದು. ಅವರ ಮೇಲಲ್ಲ, ಗೋಡೆಗೆ. ಆದರೂ ಎಸೆದೆ. ಅವರು ಗೋಡೆಯನ್ನೂ ನನ್ನನ್ನೂ ನೋಡಿ, "ಬುಡವ್ವ, ನಂಗೇನ್ ಅಂಥಾ ಬಾಯಾರ್ಕೆ ಇಲ್ಲ" ಅಂದರು.

ಮುಂದಿನ ಸಲ ಗೋಡೆ ದೂರ ಇರಬಹುದು. ಅದಕ್ಕೇ ಕೇಳುತ್ತಿದ್ದೇನೆ. ಅಜ್ಜಂಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದು ಬರುತ್ತೇನೆ. ಇಲ್ಲಿಗೆ ಇನ್ನೊಬ್ಬ ಹೆಂಗಸು ಬೇಕು.

ಇತಿ,
ಪಾಪಮ್ಮ


ಕಡೂರು
2-12-1978

ಶ್ರೀಮತಿ ಪಾಪಮ್ಮನವರಿಗೆ ಶುಭಾಶಯಗಳು.

ನಿಮ್ಮ ಪತ್ರ ತಲುಪಿತು. ಸಮಿತಿಯ ಕೆಲಸಗಳ ನಡುವೆ ಉತ್ತರ ತಡವಾಯಿತು. ಚೊಂಬು ನಗ್ಗಿಹೋಗಿರಬಹುದೆಂದು ಹೊಸದೊಂದನ್ನು ಕೊಟ್ಟು ಕಳಿಸಿದ್ದೇನೆ.

ನಿಮ್ಮ ಸೇವೆಯನ್ನು ಇಲ್ಲಿ ನೆನೆಯದ ದಿನವಿಲ್ಲ. ನಮ್ಮ ಅಧ್ಯಕ್ಷ ಗಂಗಾಧರಯ್ಯನವರು ಮೊನ್ನೆ ಮಠದ ಸಭೆಯಲ್ಲಿ ಮಾತನಾಡುತ್ತ, 1974ರ ಸುತ್ತೋಲೆಯನ್ನು ಓದಿ ಹೇಳಿದರು: "ನಮ್ಮ ಛತ್ರದಲ್ಲಿ ತೀರಿಕೊಂಡ ಯಾರೊಬ್ಬರೂ ಅನಾಥರೆನಿಸಿಕೊಂಡು ಮಣ್ಣಿಗೆ ಹೋಗಕೂಡದು. ಅಲ್ಲಿನ ಸಿಬ್ಬಂದಿಯೇ ಬಂಧುವಾಗಿ ಸಹಿ ಮಾಡತಕ್ಕದ್ದು." ಅದರಂತೆ ನೀವು ಇದುವರೆಗೆ ಹದಿಮೂರು ಜನರಿಗೆ ಪುರಸಭೆಯ ಕಾಗದದಲ್ಲಿ ಸಂಬಂಧ ಎಂಬಲ್ಲಿ "ಮಗಳು" ಎಂದು ಬರೆದು ಮಣ್ಣು ಕೊಟ್ಟಿದ್ದೀರಿ. ಇದನ್ನು ಕೇಳಿ ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಸತ್ತವರಿಗೆ ಮಗಳು, ಇರುವವರಿಗೆ ತಾಯಿ ಎಂದು ಅಧ್ಯಕ್ಷರು ನಿಮ್ಮನ್ನು ಬಣ್ಣಿಸಿದರು.

ಜನವರಿಯ ವಾರ್ಷಿಕೋತ್ಸವದಲ್ಲಿ ನಿಮಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ತೀರ್ಮಾನವಾಗಿದೆ. ರಜೆಯ ವಿಷಯ ಸಮಿತಿಯ ಮುಂದಿದೆ.

ಇತಿ,
ವಿಶಾಲಾಕ್ಷಮ್ಮ
ಕಾರ್ಯದರ್ಶಿ


ತರೀಕೆರೆ
6-12-1978

ಕಾರ್ಯದರ್ಶಿಯವರಿಗೆ ನಮಸ್ಕಾರ.

ಚೊಂಬು ತಲುಪಿತು. ಹಳೆಯದಕ್ಕಿಂತ ಗಟ್ಟಿಯಾಗಿದೆ. ಎಸೆದರೂ ನಗ್ಗಲಿಕ್ಕಿಲ್ಲ.

ತಾಯಿ ಎಂದು ಕರೆದುಬಿಟ್ಟರೆ ರಜೆ ಕೊಡಬೇಕಾಗಿಲ್ಲ ಎಂಬುದನ್ನು ಯಾರು ಕಂಡುಹಿಡಿದರೋ ಅವರು ಬಹಳ ಬುದ್ಧಿವಂತರು.

ಸನ್ಮಾನಕ್ಕೆ ನಾನು ಕಡೂರಿಗೆ ಬರಬೇಕಾದರೆ ಒಂದು ದಿನದ ರಜೆಯಾದರೂ ಬೇಕಾಗುತ್ತದೆ. ಅದನ್ನಾದರೂ ಮಂಜೂರು ಮಾಡಿಸಿ.

ಪಾಪಮ್ಮ


ಕಡೂರು
20-1-1979

ಶ್ರೀಮತಿ ಪಾಪಮ್ಮನವರಿಗೆ,

ವಾರ್ಷಿಕೋತ್ಸವ ಚೆನ್ನಾಗಿ ನಡೆಯಿತೆಂದು ಎಲ್ಲರೂ ಸಂತೋಷಪಟ್ಟಿದ್ದಾರೆ. ನಿಮಗೆ ಪ್ರಯಾಣದ ತೊಂದರೆ ಬೇಡವೆಂದೇ ಅಧ್ಯಕ್ಷರು ಸಮಾರಂಭವನ್ನು ಛತ್ರದಲ್ಲಿ ಇಟ್ಟುಕೊಂಡರು. ಅರವತ್ತು ಜನಕ್ಕೆ ನೀವೂ ಬೀರಯ್ಯನೂ ಮಾಡಿದ ಉಪ್ಪಿಟ್ಟು, ಕೇಸರಿಬಾತಿನ ರುಚಿಯ ಮಾತು ಇನ್ನೂ ನಿಂತಿಲ್ಲ.

ಎರಡು ವಿಷಯ ಹೇಳದೆ ಇರಲಾರೆ. ಫೋಟೋದಲ್ಲಿ ನಿಮ್ಮ ಮುಖ ಗಂಟಿಕ್ಕಿಕೊಂಡಿದೆ. ಇದನ್ನು ವರದಿಯ ಪುಸ್ತಕದಲ್ಲಿ ಅಚ್ಚು ಹಾಕಿಸುವುದು ಹೇಗೆ? ಇನ್ನೊಂದು, ಅಧ್ಯಕ್ಷರು ತಮ್ಮ ಕೈಯಾರೆ ಹೊದಿಸಿದ ಶಾಲನ್ನು ಅವರು ವೇದಿಕೆ ಇಳಿಯುವ ಮುಂಚೆಯೇ ಕಾಶಮ್ಮನಿಗೆ ಸುತ್ತಿದ್ದು ಸರಿಯಲ್ಲ. ಅವರು ಏನೂ ಅನ್ನಲಿಲ್ಲ, ಆದರೆ ನೋಡಿದರು.

ರಜೆಯ ವಿಷಯ ಪರಿಶೀಲನೆಯಲ್ಲಿದೆ.

ವಿಶಾಲಾಕ್ಷಮ್ಮ


ಅಜ್ಜಂಪುರ
11-2-1979

ಕಾರ್ಯದರ್ಶಿಯವರಿಗೆ,

ಮೊನ್ನೆ 9ನೇ ತಾರೀಕು ಬೆಳಗ್ಗೆ ಲಕ್ಕಣ್ಣ ತೀರಿಕೊಂಡರು. ಸುತ್ತೋಲೆಯಂತೆ ಪುರಸಭೆಗೆ ಹೋಗಿ ಕಾಗದದಲ್ಲಿ ಮಗಳು ಎಂದು ಬರೆದು ಸಹಿ ಮಾಡಿದೆ. ಮೊದಲ ಹಿಡಿ ಮಣ್ಣು ನಾನೇ ಹಾಕಿದೆ.

ತಂದೆ ತೀರಿಕೊಂಡಿರುವುದರಿಂದ ನನಗೆ ಹನ್ನೊಂದು ದಿನ ಸೂತಕ. ಸೂತಕದವಳು ಬೇರೆಯವರಿಗೆ ಬಡಿಸುವ ಹಾಗಿಲ್ಲ. ಆದ್ದರಿಂದ ಅಕ್ಕನ ಮನೆಗೆ ಬಂದಿದ್ದೇನೆ.

ಇದು ರಜೆಯ ಅರ್ಜಿಯಲ್ಲ. ತಿಳಿಸಿರಲಿ ಎಂದು ಬರೆದೆ, ಅಷ್ಟೆ.

ಪಾಪಮ್ಮ


ಕಡೂರು
13-2-1979

ಪಾಪಮ್ಮ,

ನಿನ್ನ ಕಾಗದ ಓದಿ ನನಗೆ ಬಂದ ಸಿಟ್ಟನ್ನು ಬರೆಯಲು ಈ ಹಾಳೆ ಸಾಲದು. ಇಪ್ಪತ್ತೈದು ಜನರನ್ನು ನಡುನೀರಿನಲ್ಲಿ ಬಿಟ್ಟು ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು? ಬೀರಯ್ಯ ಹೇಳಿ ಕಳಿಸಿದ್ದಾನೆ, ಕಾಶಮ್ಮ ಎರಡು ದಿನದಿಂದ ತಟ್ಟೆ ಮುಟ್ಟಿಲ್ಲವಂತೆ. ಬರೀ ನೀರಿನ ಮೇಲಿದ್ದಾಳೆ.

ಸೂತಕವಂತೆ! ಛತ್ರ ನಡೆಸುತ್ತಿರುವವರು ಯಾರು ಎಂಬುದು ನಿನಗೆ ಮರೆತಿದೆಯೇ? ಲಿಂಗ ಕಟ್ಟಿದವರಿಗೆ ಸೂತಕವಿಲ್ಲ. ಸಮಿತಿಯಲ್ಲಿ ಅದನ್ನು ಒಪ್ಪುವವರು ಒಬ್ಬರೂ ಇಲ್ಲ. ಅಧ್ಯಕ್ಷರಿಗೆ ಹೇಳಿದರೆ, "ಸಾವಿಗೆ ಹೆದರ್ಕೊಂಡ್ ಓಡೋಗೋರ್ ಛತ್ರಕ್ಕೆ ಯಾಕಮ್ಮಾ ಬರ್ಬೇಕು?" ಅಂದರು. ನಿನ್ನ ಮನೆತನದ ಪದ್ಧತಿಯನ್ನೇ ಹಿಡಿಯುತ್ತೀಯಾದರೂ, ಕೊಟ್ಟ ಹೆಣ್ಣಿಗೆ ಮೂರೇ ದಿನ ಎಂದು ನಾನು ವಿಚಾರಿಸಿ ತಿಳಿದುಕೊಂಡಿದ್ದೇನೆ. ಅದು ಮುಗಿದಿದೆ.

ಕಾಗದದಲ್ಲಿ ಮಗಳು ಎಂದು ಬರೆಯುವುದು ಒಂದು ಗೌರವದ ಕ್ರಮ. ಅದನ್ನು ನಿಜವೆಂದು ಹಿಡಿದುಕೊಂಡು ಕೂರುವುದು ಹಟ. ಕಾಗದ ಕಂಡ ತಕ್ಷಣ ಹೊರಡು. ಬಾರದಿದ್ದರೆ ಬೇರೆಯವರನ್ನು ನೇಮಿಸುವಂತೆ ಅಧ್ಯಕ್ಷರು ಸೂಚಿಸಿದ್ದಾರೆ.

ವಿಶಾಲಾಕ್ಷಮ್ಮ


ಅಜ್ಜಂಪುರ
15-2-1979

ವಿಶಾಲಾಕ್ಷಮ್ಮನವರಿಗೆ,

ನೇಮಿಸಿ. ಹೋದ ಯುಗಾದಿಯಿಂದ ನಾನು ಕೇಳುತ್ತಿರುವುದೂ ಅದನ್ನೇ, ಇನ್ನೊಬ್ಬ ಹೆಂಗಸನ್ನು ನೇಮಿಸಿ ಎಂದು.

ಕೊಟ್ಟ ಹೆಣ್ಣಿಗೆ ಮೂರು ದಿನ, ಸರಿ. ಆದರೆ ಅದು ಗಂಡುಮಕ್ಕಳೋ ದಾಯಾದಿಗಳೋ ಇರುವ ಮನೆಯ ಲೆಕ್ಕ. ಲಕ್ಕಣ್ಣನಿಗೆ ನನ್ನನ್ನು ಬಿಟ್ಟು ಯಾರಿದ್ದರು? ಮಣ್ಣು ಹಾಕಿದವಳೇ ಮನೆಯವಳು. ಮಗಳು ಎಂಬುದು ಬರೀ ಗೌರವಕ್ಕೆ ಎನ್ನುತ್ತೀರಿ. ಹಾಗಿದ್ದರೆ ಮಠದ ಸಭೆಯಲ್ಲಿ ಜನ ಕಣ್ಣೊರೆಸಿಕೊಂಡದ್ದೂ ಬರೀ ಗೌರವಕ್ಕೋ? ನಿಮಗೆ ಅಳುವುದಕ್ಕೆ ನಾನು ನಿಜವಾದ ಮಗಳು, ನನಗೆ ಅಳುವುದಕ್ಕೆ ಮಾತ್ರ ಕಾಗದದ ಮಗಳು.

ನಾನಿಲ್ಲಿಗೆ ಬಂದಾಗ ಅಕ್ಕ ಕೆಂಚಮ್ಮ ಬಾಗಿಲಲ್ಲೇ ಹಿಡಿದು ಕೇಳಿದಳು.

"ಇದೇನೇ ಹಿಂಗ್ ಬಂದೆ? ಯಾರ್ ಸತ್ರೇ?"

"ಅಪ್ಪ" ಅಂದೆ.

"ಅಪ್ಪ ಸತ್ತು ಇಪ್ಪತ್ತ್ ವರ್ಸ ಆಯ್ತಲ್ಲೇ! ತಲೆ ನೆಟ್ಟಗಿಲ್ವಾ ನಿಂಗೆ?"

"ಇದು ಬೇರೆ ಅಪ್ಪ ಕಣಕ್ಕ."

"ಹಂಗಾದ್ರೆ ಹಿತ್ಲಾಗೆ ನೀರ್ ತೋಡಿಡ್ತೀನಿ, ಉಯ್ಕೊಂಡ್ ಒಳಕ್ ಬಾ" ಅಂದಳು. ಇನ್ನೊಂದು ಮಾತು ಕೇಳಲಿಲ್ಲ.

ಸೂತಕವೆಂದರೆ ಮೈಲಿಗೆ ಎಂದು ನೀವು ತಿಳಿದಿದ್ದೀರಿ. ನಮ್ಮ ಪಂಚನಹಳ್ಳಿಯಲ್ಲಿ ಅದು ಸಾವಾದ ಮನೆಯವರನ್ನು ಯಾರೂ ಕೆಲಸಕ್ಕೆ ಕರೆಯದ ಹನ್ನೊಂದು ದಿನ. ನಾವು ಒಲೆ ಹಚ್ಚುವುದಿಲ್ಲ. ಪಕ್ಕದವರು ಮುದ್ದೆ, ಸಾರು ತಂದು ಬಾಗಿಲಲ್ಲಿಡುತ್ತಾರೆ. ಬಂದವರು ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಅಳಬಹುದು, ಮಲಗಬಹುದು, ಗೋಡೆ ನೋಡುತ್ತ ಇರಬಹುದು. ಯಾರೂ ಯಾಕೆ ಎಂದು ಕೇಳುವುದಿಲ್ಲ. ನನ್ನ ಹದಿಮೂರು ಜನರ ಸಾವಿನ ದಿನ ಮಧ್ಯಾಹ್ನವೇ ನಾನು ಉಳಿದವರಿಗೆ ಸಾರು ಬಡಿಸಿದ್ದೇನೆ. ಒಬ್ಬಾಕೆ ಸತ್ತ ದಿನವಂತೂ ಅವಳ ಚಾಪೆ ಒಣಗುವ ಮುಂಚೆ ಇನ್ನೊಬ್ಬರನ್ನು ಅದರ ಮೇಲೆ ಮಲಗಿಸಿದ್ದೇನೆ.

ಲಕ್ಕಣ್ಣನನ್ನು ಮಣ್ಣು ಮಾಡಿ ಬಂದಾಗ ಬೀರಯ್ಯ ಒಲೆಯ ಮುಂದೆ ಕೂತಿದ್ದ. "ಪಾಪಕ್ಕ, ಎಸ್ರು ಕುದೀತಾ ಅದೆ. ಇಪ್ಪತ್ತೈದು ಜನಕ್ಕೋ ಇಪ್ಪತ್ತಾರು ಜನಕ್ಕೋ?" ಎಂದು ಕೇಳಿದ. ತಪ್ಪೇನಿಲ್ಲ, ದಿನಾ ಕೇಳುವ ಮಾತು. ನನಗೆ ಇಪ್ಪತ್ತೈದು ಎಂದು ಹೇಳಲು ಆಗಲಿಲ್ಲ. ಕೈಗೆ ಆ ಹೊಸ ಚೊಂಬು ಸಿಕ್ಕಿತು. ಅದನ್ನು ನೆಲದ ಮೇಲೆ ಮೆತ್ತಗೆ ಇಟ್ಟು ಬಸ್ ಹತ್ತಿದೆ. ಸಾವಿಗೆ ಹೆದರಿದೆ ಎಂದು ಅಧ್ಯಕ್ಷರು ಹೇಳಿದ್ದು ತಪ್ಪು ಎಂದು ಅವರಿಗೆ ಹೇಳಿ. ನಾನು ಹೆದರಿದ್ದು ಆ ಚೊಂಬಿಗೆ.

ಲಕ್ಕಣ್ಣನ ಹನ್ನೊಂದು 19ಕ್ಕೆ ಮುಗಿಯುತ್ತದೆ. ಹದಿಮೂರು ಜನರದು ಹಾಗೇ ಉಳಿದಿದೆ. ಅದನ್ನೂ ಕೂತು ಮುಗಿಸಿದರೆ ಆಷಾಢ ಬರುತ್ತದೆ. ಅಷ್ಟು ದಿನ ಬೇಡವೆಂದಾದರೆ ನೀವು ಬನ್ನಿ. ಹನ್ನೊಂದು ದಿನ ನನ್ನ ಜಾಗದಲ್ಲಿ ಇರಿ. ಆಮೇಲೂ ಇದು ಹಟ ಎಂದು ತೋರಿದರೆ ಕಾಗದ ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ, ನನ್ನ ಟ್ರಂಕನ್ನು ಬೀರಯ್ಯನ ಕೈಲಿ ಕಳಿಸಿಬಿಡಿ.

ಪಾಪಮ್ಮ


ತರೀಕೆರೆ
18-2-1979

ಪಾಪಮ್ಮ,

ನಿನ್ನ ಮಾತಿಗೆ ಸೋತು ಬಂದಿದ್ದೇನೆಂದು ತಿಳಿಯಬೇಡ. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ ಬಂದಿದ್ದೇನೆ.

ಇಲ್ಲಿ ಯಾವುದೂ ಇರಬೇಕಾದ ಜಾಗದಲ್ಲಿಲ್ಲ. ಡೆಟಾಲು ಬೇಳೆ ಡಬ್ಬದ ಹಿಂದೆ ಏಕಿದೆ? ಕಿಟಕಿಯ ಪಕ್ಕದ ಮುದುಕ ನಾನು ಕಸಬರಿಕೆ ಹಿಡಿದಾಗಲೆಲ್ಲ ಎದ್ದು ನಿಂತು "ಹೊಡೀಬೇಡಿ ಸಾಮಿ" ಎನ್ನುತ್ತಾನೆ. ಅವನಿಗೆ ಕಾಣದಂತೆ ಗುಡಿಸುವುದು ಹೇಗೆ? ನಿನ್ನೆ ಬಂದ ಹೆಂಗಸಿನ ತಲೆಗೆ ಎಣ್ಣೆ ಹಚ್ಚಲು ಹೋದೆ. ಅವಳು ನನ್ನ ತಾಯಿ, ಅಜ್ಜಿ ಎಲ್ಲರನ್ನೂ ಸೇರಿಸಿ ಬೈದಳು. ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದವಳು ನಾನು, ಇಂಥ ಮಾತು ಕೇಳಿಯೇ ಇರಲಿಲ್ಲ. ಬೀರಯ್ಯ ನಗುತ್ತ, "ಇದೇನೂ ಅಲ್ಲ ಬುಡಿ ಅಮ್ಮಾವ್ರೇ, ಇವತ್ತು ವಸಿ ಸುಸ್ತಾಗವ್ಳೆ" ಅನ್ನುತ್ತಾನೆ.

ಕಾಶಮ್ಮ ನನ್ನ ಕೈಯಿಂದ ತಿನ್ನುತ್ತಿಲ್ಲ. ನೀನು ಬರೆದಿದ್ದಂತೆ ಅವಳ ತಟ್ಟೆಯಿಂದ ತಿನ್ನಲು ನನಗೆ ಆಗಲಿಲ್ಲ. ಎಂಜಲು ಎನಿಸಿತು. ಬೇರೆ ತಟ್ಟೆಯಲ್ಲಿ ಹಾಕಿಕೊಂಡು ತಿಂದು ತೋರಿಸಿದೆ. ಅವಳು ಆ ತಟ್ಟೆಯನ್ನೂ ಈ ತಟ್ಟೆಯನ್ನೂ ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು. ಏನು ಮಾಡಲಿ? ತಕ್ಷಣ ಬರೆ.

ವಿ.


ಅಜ್ಜಂಪುರ
20-2-1979

ಅಮ್ಮಾವ್ರೇ,

ಡೆಟಾಲು ಎದುರಿಗಿದ್ದರೆ ಹೊಸಬರು ಕುಡಿದುಬಿಡುತ್ತಾರೆ. ಕಿಟಕಿಯ ಮುದುಕರನ್ನು ಮೊದಲು ಮುಖ ತೊಳೆಯಲು ಹಿತ್ತಿಲಿಗೆ ಕಳಿಸಿ, ಆಮೇಲೆ ಗುಡಿಸಿ. ಬೈಗುಳಕ್ಕೆ ಉತ್ತರ ಕೊಡಬೇಡಿ, ಎಣ್ಣೆ ಹಚ್ಚುತ್ತಲೇ ಇರಿ.

ಕಾಶಮ್ಮನಿಗೆ ಎರಡು ತಟ್ಟೆಯ ಆಟ ಗೊತ್ತು. ಅವಳ ಮನೆಯಲ್ಲೂ ಅವರಿಗೊಂದು, ಇವಳಿಗೊಂದು ಎಂದು ಎರಡು ತಟ್ಟೆ ಇತ್ತಂತೆ. ಒಂದೇ ತಟ್ಟೆಯಲ್ಲಿ ತಿನ್ನಿ. ಬೇರೆ ಉಪಾಯವಿಲ್ಲ. ನಾನೆಲ್ಲಿ ಎಂದು ಕೇಳಿದರೆ ಸುಳ್ಳು ಹೇಳಬೇಡಿ.

ನೀವು ಊಟ ಮಾಡುತ್ತಿದ್ದೀರಾ?

ಪಾಪಮ್ಮ


ತರೀಕೆರೆ
27-2-1979

ಪಾಪಮ್ಮ,

ಕಾಶಮ್ಮ ಹೋದಳು. 25ರ ಬೆಳಗ್ಗೆ, ಮುಖ ತೊಳೆಸುತ್ತಿದ್ದಾಗ. ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅವಳ ಕಿವಿಯ ಹಿಂದೆ ಒರೆಸುವುದು ಇನ್ನೂ ಬಾಕಿ ಇತ್ತು. ಒರೆಸಿ ಮುಗಿಸಿದೆ.

ನಿನ್ನ ಕಾರ್ಡು ಬಂದ ದಿನವೇ ಅವಳ ತಟ್ಟೆಯಿಂದ ತಿಂದೆ. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡೆ. ಎರಡನೆಯದಕ್ಕೆ ಅವಳು, "ಪಾಪ ಎಲ್ಲವ್ಳೆ?" ಎಂದಳು. ಸೂತಕಕ್ಕೆ ಹೋಗಿದ್ದಾಳೆ ಅಂದೆ. "ಯಾರ್ ಸತ್ರು?" ಅಂದಳು. ಅವರಪ್ಪ ಎಂದೆ. "ಅಯ್ಯೋ ಪಾಪ. ಹೋಗ್ಬೇಕಮ್ಮ ಅದಕ್ಕೆ" ಎಂದು ಬಾಯಿ ತೆರೆದಳು. ನಮ್ಮ ಸಮಿತಿಯಲ್ಲಿ ಯಾರಿಗೂ ತಿಳಿಯದ್ದು ಅವಳಿಗೆ ಒಂದೇ ಮಾತಿನಲ್ಲಿ ತಿಳಿಯಿತು. 24ರ ಮಧ್ಯಾಹ್ನ ನಾನು ತಿನ್ನುವ ಮುಂಚೆಯೇ ಬಾಯಿ ತೆರೆದಳು. ಅದು ಏನೆಂದು ನನಗೆ ಅರ್ಥವಾಗುವ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

ಪುರಸಭೆಯಲ್ಲಿ ಗುಮಾಸ್ತ ಸೋಮಶೇಖರಪ್ಪ, "ಸಂಬಂಧ ಏನಂತ ಬರೀಲಮ್ಮ? ಪಾಪಮ್ಮ ಬಂದಿದ್ರೆ ನಾನ್ ಕೇಳೋದೇ ಇಲ್ಲ" ಅಂದರು. ಆ ಜಾಗ ಎಷ್ಟು ಚಿಕ್ಕದು, ಪಾಪಮ್ಮ! ಒಂದು ಮಾತು ಮಾತ್ರ ಹಿಡಿಸುತ್ತದೆ. ನಾನೇ ಕಾಗದ ತೆಗೆದುಕೊಂಡು ಬರೆದೆ. ಹಿಂತಿರುಗಿ ಬಂದರೆ ಬೀರಯ್ಯ ಒಲೆಯ ಮುಂದೆ ಕೂತು ಅದೇ ಪ್ರಶ್ನೆ ಕೇಳಿದ. ನನಗೂ ಲೆಕ್ಕ ಹೇಳಲು ಆಗಲಿಲ್ಲ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ರಜೆಯ ವಿಷಯ ಸಮಿತಿಯ ಮುಂದಿದೆ ಎಂದು ಬರೆದದ್ದು ಸುಳ್ಳು. ನಿನ್ನ ನಾಲ್ಕು ಕಾಗದಗಳೂ ನನ್ನ ಮೇಜಿನ ಡ್ರಾಯರಿನಲ್ಲಿವೆ. ಮುಂದಿಟ್ಟರೆ ಅವಳ ಬದಲಿಗೆ ಯಾರು ಎಂಬ ಪ್ರಶ್ನೆ ಏಳುತ್ತದೆ, ಮಕ್ಕಳಿಲ್ಲದ ವಿಧವೆ, ನಿವೃತ್ತಿಯಾದವಳು ಎಂದು ಎಲ್ಲರೂ ನನ್ನ ಕಡೆ ನೋಡುತ್ತಾರೆ ಎಂದು ಹೆದರಿದೆ. ಅದಕ್ಕೆ ಶಾಲು ತರಿಸಿದೆ. ಅಂಗಡಿಯಲ್ಲಿ ಬಣ್ಣ ಆರಿಸಿದವಳೂ ನಾನೇ.

ನಿನ್ನೆ ಅಧ್ಯಕ್ಷರು ಬಂದಿದ್ದರು. ನನಗೆ ಹನ್ನೊಂದು ದಿನ ಸೂತಕ, ನಾನು ಹೊರಡುತ್ತೇನೆ ಎಂದೆ.

"ಏನಮ್ಮಾ ಇದು! ನಮ್ಮಲ್ಲಿ ಎಲ್ಲಿದೆ ಸೂತಕ?"

"ನಿಮಗಿಲ್ಲ ಗಂಗಾಧರಯ್ಯನವರೇ. ನೀವಿನ್ನೂ ಯಾರ ಮಗನೂ ಆಗಿಲ್ಲ" ಎಂದೆ.

ಹಾಗಾದರೆ ಇಲ್ಲಿ ಯಾರಿರುತ್ತಾರೆ ಎಂದರು. ಸುತ್ತೋಲೆಯಲ್ಲಿ ಸಿಬ್ಬಂದಿ ಎಂದಿದೆ, ಅದನ್ನು ಅಳಿಸಿ ಸಮಿತಿಯ ಸದಸ್ಯರು ಎಂದು ಬರೆಯಿರಿ, ಮೊದಲ ಸರದಿ ನಿಮ್ಮದೂ ನಿಮ್ಮ ಮನೆಯವರದೂ ಎಂದೆ. ಬೈದರು. ನಾನೂ ಬೈದೆ, ಈ ಹತ್ತು ದಿನದಲ್ಲಿ ಕಲಿತ ಕೆಲವು ಮಾತುಗಳು ಬಾಯಿಗೆ ಬಂದವು. ಬೀರಯ್ಯನ ಒಳ್ಳೆಯ ಕಿವಿಗೂ ಅವು ಬಿದ್ದಿರಬೇಕು, ಅವನು ಒಲೆಯ ಕಡೆ ತಿರುಗಿಕೊಂಡ. ಕೊನೆಗೆ ಸಹಿಯಾಯಿತು: ಬಂಧುವಾಗಿ ಸಹಿ ಮಾಡಿದವರಿಗೆ, ಅವರ ಮನೆತನದ ಪದ್ಧತಿ ಏನೇ ಇರಲಿ, ಹನ್ನೊಂದು ದಿನ. ಬೇಸಿಗೆಯಲ್ಲಿ ಬೀರಯ್ಯ ತನ್ನೂರು ಯಗಟಿಗೆ ಹೋಗಿ ಬರಲಿ. ಇನ್ನೊಬ್ಬ ಹೆಂಗಸನ್ನೂ ನೇಮಿಸಬೇಕು. ನಿನ್ನ ಟ್ರಂಕು ಇದ್ದಲ್ಲೇ ಇದೆ.

ನಾಳೆ ಬೆಳಗ್ಗೆ ಅಧ್ಯಕ್ಷ ದಂಪತಿಗಳಿಬ್ಬರೂ ಮೊದಲ ಸರದಿಗೆ ಇಲ್ಲಿಗೆ ಬರುತ್ತಾರೆ. ಡೆಟಾಲು ಎಲ್ಲಿದೆ ಎಂದು ತೋರಿಸಿ, ನಾಡಿದ್ದು ಮಧ್ಯಾಹ್ನದ ಬಸ್ಸಿಗೆ ಅಜ್ಜಂಪುರಕ್ಕೆ ಬರುತ್ತೇನೆ, ನೀನು ಬೇಡವೆನ್ನದಿದ್ದರೆ. ಕಡೂರಿನ ನನ್ನ ಮನೆಯಲ್ಲಿ ಕೂರಲಾರೆ. ಅಲ್ಲಿ ಬಂದವರು ಏನಾಯಿತು ಎಂದು ಕೇಳುತ್ತಾರೆ, ಹೇಳಿದರೆ ನಗುತ್ತಾರೆ. ಸೂತಕದಲ್ಲಿ ಹೇಗೆ ಕೂರಬೇಕೆಂದು ನನಗೆ ಗೊತ್ತಿಲ್ಲ. ನಮ್ಮಲ್ಲಿ ಯಾರೂ ಕಲಿಸಲಿಲ್ಲ.

ನನ್ನದು ಮುಗಿದ ಮೇಲೆ, ಮಾರ್ಚ್ ಎಂಟಕ್ಕೆ, ಇಬ್ಬರೂ ಒಟ್ಟಿಗೆ ವಾಪಸು ಹೋಗೋಣ. ಆಗದು ಎಂದರೆ ನೀನು ಹೇಳಿದ ದಿನ.

ವಿಶಾಲಾಕ್ಷಿ


ಅಜ್ಜಂಪುರ
28-2-1979

ಅಕ್ಕಾ,

ಈ ಕಾರ್ಡನ್ನು ತರೀಕೆರೆ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟಿದ್ದೇನೆ. ಅಂಚೆಗೆ ಹಾಕಿದರೆ ನೀವು ಹೊರಟ ಮೇಲೆ ತಲುಪುತ್ತದೆ.

ನಾಲ್ಕು ಕಾಗದದ ವಿಷಯಕ್ಕೆ ಸಿಟ್ಟು ಬಂದಿದೆ. ಬಂದ ಮೇಲೆ ಬೈಯುತ್ತೇನೆ, ಕಾರ್ಡಿನಲ್ಲಿ ಜಾಗವಿಲ್ಲ.

ಅಧ್ಯಕ್ಷರು ಅನ್ನ ಸೀಯಿಸಿದರೆ ಸೀಯಿಸಲಿ, ನೀವು ಹೊರಡುವುದನ್ನು ತಪ್ಪಿಸಬೇಡಿ. ಕೂರುವುದಕ್ಕೆ ಕಲಿಯುವುದೇನಿಲ್ಲ. ಹಣ್ಣು ತರಬೇಡಿ, ಶಾಲು ತರಬೇಡಿ.

ಕೆಂಚಮ್ಮ ಬಾಗಿಲಲ್ಲೇ ಹಿಡಿದು ಯಾರು ಸತ್ತರು ಎಂದು ಕೇಳುತ್ತಾಳೆ. ಅಮ್ಮ ಎನ್ನಿ. ಅವಳು ಹಿತ್ತಿಲಲ್ಲಿ ನೀರು ತೋಡಿಡುತ್ತಾಳೆ.

ಪಾಪ